ಟ್ರೇ ಹಿಡಿದ ರೋಬೋ

ರೋಬೋ ಮತ್ತೆ ಅದೇ ಜಾಗದಲ್ಲಿ ನಿಂತುಬಿಟ್ಟಿತು.

ಅದಕ್ಕೆ ಕೊಟ್ಟ ಕೆಲಸ ದೊಡ್ಡದೇನಲ್ಲ. ಮಂಗಳ ಗ್ರಹದ ಮೇಲೆ ಗಣಿ ಕೆಲಸಗಾರರ ಕ್ಯಾಂಟೀನು. ಮುಂದಿನ ಮೇಜಿನಲ್ಲಿ ನಾಯಕ, ನಾಯಕಿ ಕೂತು ಭೂಮಿಗೆ ವಾಪಸ್ ಹೋಗಬೇಕೋ ಬೇಡವೋ ಎಂದು ಮಾತಾಡುತ್ತಾರೆ. ಅವರ ಹಿಂದೆ, ಮಸುಕಾಗಿ, ಒಂದು ರೋಬೋ ಟ್ರೇ ಹಿಡಿದು ಎಡಗಡೆಯಿಂದ ಬಲಗಡೆಗೆ ಹೋಗುತ್ತದೆ. ಅಷ್ಟೇ. ನೋಡುವವರು ಅದನ್ನು ಗಮನಿಸಲೂ ಬಾರದು, ಗಮನಿಸದೆ ಇದ್ದರೇ ಇದು ಮಂಗಳ ಗ್ರಹ ಅನ್ನಿಸುವುದು ಎಂದು ನಿರ್ದೇಶಕ ನಿರಂತ್ ಮೊದಲ ದಿನವೇ ಹೇಳಿದ್ದ.

ಆದರೆ ಅದು ಅರ್ಧ ದಾರಿಯಲ್ಲಿ, ಮೂಲೆಯ ಮೇಜಿನ ಹತ್ತಿರ ನಿಲ್ಲುತ್ತಿತ್ತು. ನಿಂತು, ಸೊಂಟ ಬಗ್ಗಿಸಿ, ಅಲ್ಲಿ ಕೂತಿದ್ದ ಮುದುಕನ ಕಡೆ ಬಾಗುತ್ತಿತ್ತು. ಟ್ರೇಯ ಮೇಲಿನ ಲೋಟಗಳು ಜಾರಿ ಸದ್ದಾಗುತ್ತಿತ್ತು.

“ಕಟ್!” ನಿರಂತ್ ಮಾನಿಟರ್ ಇಟ್ಟಿದ್ದ ಟೆಂಟಿನಿಂದ ಹೊರಗೆ ಬಂದ. ಕಣ್ಣುಗಳು ಕೆಂಪಾಗಿದ್ದವು. ಒಂದು ವಾರದಿಂದ ಅವನಿಗೆ ಸರಿಯಾಗಿ ನಿದ್ದೆ ಇರಲಿಲ್ಲ. “ಏನಮ್ಮಾ ಇದು ನಿಮ್ ಮಷಿನ್ನು? ಅಲ್ಲೇ ಯಾಕೆ ನಿಲ್ಲುತ್ತೆ?”

“ನೋಡ್ತೀನಿ ಸರ್,” ಎಂದಳು ಹುಲಿಗೆಮ್ಮ.

“ಬೆಳಗ್ಗೆಯಿಂದ ನೋಡ್ತಾನೇ ಇದೀರ. ಊಟದ ಬ್ರೇಕ್ ಬಿಡ್ತೀನಿ. ಅಷ್ಟರಲ್ಲಿ ಸರಿ ಮಾಡಿ. ಇಲ್ಲಾಂದ್ರೆ ಕಂಪ್ಯೂಟರಲ್ಲೇ ಒಂದು ರೋಬೋ ಬರೆಸ್ಕೊತೀನಿ.”

ಸಂಡೂರಿನ ಬೆಟ್ಟಗಳ ಹಿಂದೆ, ಅದಿರು ಮುಗಿದು ಬಿಟ್ಟುಹೋದ ಗಣಿಯೊಂದರ ಗುಂಡಿಯಲ್ಲಿ ಸೆಟ್ ಹಾಕಿದ್ದರು. ಮಣ್ಣು ತಾನಾಗಿಯೇ ಕೆಂಪು. ಆಕಾಶದ ಬಣ್ಣವೊಂದನ್ನು ಬದಲಾಯಿಸಿದರೆ ಸಾಕು, ಬೇರೆ ಗ್ರಹ ಸಿದ್ಧವಾಗುತ್ತಿತ್ತು. ಹಿಂದೆ ಕೂರುವ, ನಡೆದಾಡುವ ಜನರಾಗಿ ಸುತ್ತಲ ಊರುಗಳಿಂದ ಗಂಡಸರು ಹೆಂಗಸರು ಬರುತ್ತಿದ್ದರು. ಮಂಗಳ ಗ್ರಹದ ಗಣಿಗಾರರ ಬೂದು ಅಂಗಿ ತೊಟ್ಟ ಅವರಲ್ಲಿ ಬಹಳ ಮಂದಿ ಒಂದು ಕಾಲಕ್ಕೆ ಇದೇ ಗುಂಡಿಯಲ್ಲಿ ನಿಜವಾದ ಗಣಿಗಾರರಾಗಿದ್ದವರು.

ಹುಲಿಗೆಮ್ಮ ಯಂತ್ರವನ್ನು ತಳ್ಳಿಕೊಂಡು ತಗಡಿನ ಚಪ್ಪರದ ಕೆಳಗೆ ಹೋದಳು. ಅವಳಿಗೆ ಅದು ರೋಬೋ ಅಲ್ಲ. ಹೊಸಪೇಟೆಯ ಆಸ್ಪತ್ರೆಯಲ್ಲಿ ಎಷ್ಟೋ ವರ್ಷ ಅವಳ ಜೊತೆ ವಾರ್ಡಿನಲ್ಲಿ ಓಡಾಡಿದ ಆರೈಕೆ ಯಂತ್ರ. ಮೊದಲು ಅದಕ್ಕೆ ತಲೆಯೇ ಇರಲಿಲ್ಲ. ಸಿನಿಮಾದವರು ಒಂದು ಪ್ಲಾಸ್ಟಿಕ್ ತಲೆ ಅಂಟಿಸಿ, ಎರಡು ನೀಲಿ ಬಲ್ಬು ಹಾಕಿ, ಮೈಗೆ ತುಕ್ಕಿನ ಬಣ್ಣ ಬಳಿದಿದ್ದರು. ಆಸ್ಪತ್ರೆಯವರು ಚಾವಣಿಗೇ ಅಂಟಿಕೊಳ್ಳುವ ಹೊಸ ಯಂತ್ರ ತರಿಸಿದಾಗ ಹಳೆಯವೆಲ್ಲ ಗುಜರಿಗೆ ಹೋದವು, ಅವುಗಳ ಜೊತೆ ಅವಳ ಕೆಲಸವೂ. ಗುಜರಿಗೆ ಹೊರಟಿದ್ದ ಒಂದನ್ನು ಅವಳು ಮನೆಗೆ ತಂದುಕೊಂಡಿದ್ದಳು. ಸಿನಿಮಾದವರು ಕೇಳಿಕೊಂಡು ಬಂದಾಗ ಅವಳಿಗೆ ಒಂದು ರೀತಿ ನಿರಾಳವಾಗಿತ್ತು. ಇಲ್ಲಿ ಯಂತ್ರ ಸುಮ್ಮನೆ ನಡೆದರೆ ಸಾಕು. ಯಾರನ್ನೂ ಉಳಿಸಬೇಕಿಲ್ಲ, ಯಾರ ಹೊಟ್ಟೆಯ ಮೇಲೂ ಹೊಡೆಯಬೇಕಿಲ್ಲ.

ಆ ಯಂತ್ರದ ಮುಖ್ಯ ಗುಣ ಒಂದೇ. ಅದು ಮುಟ್ಟದೆಯೇ ಎದೆಬಡಿತ ಕೇಳುತ್ತಿತ್ತು. ಕಣ್ಣಿಗೆ ಕಾಣದ ಅಲೆಯೊಂದನ್ನು ಎದೆಯ ಮೇಲೆ ಬಿಟ್ಟು, ಅದು ತಿರುಗಿ ಬರುವಾಗ ಆದ ವ್ಯತ್ಯಾಸ ಹಿಡಿಯುತ್ತಿತ್ತು. ಉಸಿರಾಡುವಾಗ ಎದೆ ದೊಡ್ಡದಾಗಿ ಏರಿಳಿಯುತ್ತದೆ, ಹೃದಯ ಬಡಿದಾಗ ಕೂದಲೆಳೆಯಷ್ಟು ನಡುಗುತ್ತದೆ. ಎರಡನ್ನೂ ಬೇರೆ ಬೇರೆ ಮಾಡಿ ಓದುವುದು ಅದಕ್ಕೆ ಗೊತ್ತಿತ್ತು. ವಾರ್ಡುಗಳಲ್ಲಿ ಅದು ಎಷ್ಟೋ ಜೀವ ಉಳಿಸಿತ್ತು. ಆಮೇಲೆ ಗಣಿ ಕಂಪನಿಗಳಿಗೆ, ಕಾರ್ಖಾನೆಗಳಿಗೆ, ಸಾರಿಗೆಯವರಿಗೆ ಒಂದು ಯೋಚನೆ ಬಂತು. ಇದನ್ನು ಗೇಟಿನಲ್ಲೇ ನಿಲ್ಲಿಸಿದರೆ? ಕೆಲಸದ ನಡುವೆ ಕುಸಿದು ಬೀಳುವವನು ಯಾರು ಎಂದು ಮೊದಲೇ ಗೊತ್ತಾದರೆ ಪರಿಹಾರದ ತಲೆನೋವೇ ಇಲ್ಲವಲ್ಲ?

ಹಾಗೆ ಶುರುವಾಯಿತು. ಜನ ಗೇಟಿನ ಯಂತ್ರಕ್ಕೆ ‘ಕಿವಿ’ ಎಂದು ಹೆಸರಿಟ್ಟರು. ಕಿವಿಗೆ ಬಡಿತ ಸರಿ ಕಾಣದಿದ್ದರೆ ಕೆಂಪು ದೀಪ. ಒಂದು ಗೇಟಿನಲ್ಲಿ ಕೆಂಪು ಬಿದ್ದವನ ಹೆಸರು ಎಲ್ಲ ಗೇಟಿಗೂ ಹೋಗುತ್ತಿತ್ತು. ‘ಅವನಿಗೆ ಕೆಂಪು ಬಿದ್ದೈತಿ’ ಎಂದರೆ ಅವನಿಗೆ ಇನ್ನು ಎಲ್ಲಿಯೂ ಕೆಲಸವಿಲ್ಲ ಎಂದೇ ಅರ್ಥ. ಕೆಂಪು ಬಿದ್ದ ಮನೆಗೆ ಹೆಣ್ಣು ಕೊಡಲು ಜನ ಹಿಂದೆ ಮುಂದೆ ನೋಡುವಂತಾಯಿತು. ಆಸ್ಪತ್ರೆಯ ಕಿವಿಗಳೂ ಅದೇ ಜಾಲಕ್ಕೆ ಸೇರಿದ್ದರಿಂದ ಎದೆ ನೋವು ಬಂದವರು ಆಸ್ಪತ್ರೆಯ ಬಾಗಿಲಿಗೇ ಹೋಗುತ್ತಿರಲಿಲ್ಲ. ಶುಂಠಿ ಕಷಾಯ ಕುಡಿದು, ಬೆನ್ನು ತಿಕ್ಕಿಸಿಕೊಂಡು, ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಿದ್ದರು.

ಹುಲಿಗೆಮ್ಮ ಯಂತ್ರದ ಬೆನ್ನಿಗೆ ಮುಚ್ಚಿದ್ದ ಕಪ್ಪು ಬಟ್ಟೆ ಸರಿಸಿದಳು. ಪುಟ್ಟ ಪರದೆ ಇದ್ದದ್ದು ಅಲ್ಲಿ. ವಾರ್ಡಿನಲ್ಲಿ ಅವಳಂಥವರು ಹಿಂದೆ ನಿಂತು ಓದಲೆಂದು ಅದನ್ನು ಬೆನ್ನಿಗೆ ಕೂರಿಸಿದ್ದರು. ಬೆಳಗಿನ ದಾಖಲೆ ತೆರೆದು ನೋಡಿದಳು. ಮೂಲೆಯ ಮೇಜಿನಲ್ಲಿ ಯಂತ್ರ ಕಂಡದ್ದು ಇಷ್ಟು: ಉಸಿರು ಇದೆ, ಎದೆಬಡಿತ ಇಲ್ಲ.

ಆಮೇಲೆ ಅವಳಿಗೆ ಅರ್ಥವಾಯಿತು. ಅರ್ಥವಾಗಿ, ಅಲ್ಲೇ ಇದ್ದ ಡಬ್ಬದ ಮೇಲೆ ಕೂತುಕೊಂಡಳು.

ಮೂಲೆಯ ಮೇಜಿನ ಮುದುಕ ಜಂಬಣ್ಣ. ಕಮಲಾಪುರದವನು, ಹಿಂದೆ ಇದೇ ಗಣಿಯಲ್ಲಿ ಟಿಪ್ಪರ್ ಓಡಿಸುತ್ತಿದ್ದವನು. ಗುಂಡಿಯಲ್ಲಿ ಸಿನಿಮಾಗಳ ಶೂಟಿಂಗ್ ಶುರುವಾದಾಗಿನಿಂದ ಹಿಂದೆ ಕೂರುವ ಕೆಲಸ ಮಾಡುತ್ತಿದ್ದ. ಸೈನಿಕ, ಭಿಕ್ಷುಕ, ಕಳ್ಳ, ಈಗ ಮಂಗಳ ಗ್ರಹದ ಕೂಲಿ. ಎಷ್ಟೋ ಸಿನಿಮಾ ಆಗಿದ್ದರೂ ಒಂದರಲ್ಲೂ ಬಾಯಿ ಬಿಟ್ಟಿರಲಿಲ್ಲ. ಎಲೆಯ ಮುಂದೆ ಕೂತಿದ್ದವನ ಪಕ್ಕಕ್ಕೆ ಹುಲಿಗೆಮ್ಮ ಹೋಗಿ ಕೂತಳು.

“ಕಾಕಾ, ಒಳಗ ತಗಡಿನ ಬನಿಯನ್ ಹಾಕ್ಕೊಂಡೀರಿ?”

ಜಂಬಣ್ಣ ಅನ್ನ ಕಲಸುವುದನ್ನು ನಿಲ್ಲಿಸಿದ. ಸುತ್ತ ನೋಡಿದ.

“ಮೆತ್ತಗ ಮಾತಾಡು ಯವ್ವಾ.”

ತಗಡಿನ ಬನಿಯನ್ ಆ ಕಡೆ ಎಲ್ಲರಿಗೂ ಗೊತ್ತಿದ್ದ ಗುಟ್ಟು. ಲಾರಿಗಳ ಬಾನೆಟ್ಟಿನ ಒಳಗೆ ಬಿಸಿ ತಡೆಯಲು ಹಾಕುವ ಬೆಳ್ಳಿ ಹಾಳೆಯನ್ನು ಎರಡು ಬನಿಯನ್ನುಗಳ ನಡುವೆ ಇಟ್ಟು ಹೊಲಿಸಿಕೊಳ್ಳುತ್ತಿದ್ದರು. ಹೃದಯದ ಸಣ್ಣ ನಡುಕ ಅದರಡಿ ಮರೆಯಾಗುತ್ತಿತ್ತು, ಉಸಿರಿನ ದೊಡ್ಡ ಏರಿಳಿತ ಮಾತ್ರ ಕಾಣುತ್ತಿತ್ತು. ಗೇಟಿನ ಕಿವಿಗೆ ಅವಸರ. ಗುಂಪಿನಲ್ಲಿ ನುಗ್ಗಿದರೆ, ಬಡಿತ ಸಿಗದವನನ್ನು ಅದು ಬಿಟ್ಟು ಮುಂದಿನವನನ್ನು ಓದುತ್ತಿತ್ತು. ಆದರೆ ಈ ಯಂತ್ರ ಗೇಟಿನದಲ್ಲ. ವಾರ್ಡಿನದು. ಬಡಿತ ಸಿಗದ ಮನುಷ್ಯನನ್ನು ಬಿಟ್ಟು ಮುಂದೆ ಹೋಗಬಾರದೆಂದೇ ಅದನ್ನು ಮಾಡಿದ್ದರು.

“ನಿಮ್ಮ ಎದಿ ಬಡಿಯಾಕ ಹತ್ತಿಲ್ಲ ಅಂತ ತಿಳ್ಕೊಂಡು ನಿಮ್ಮ ಹತ್ರ ನಿಲ್ಲಾಕ ಹತ್ತೈತಿ,” ಎಂದಳು ಹುಲಿಗೆಮ್ಮ.

ಜಂಬಣ್ಣ ನಕ್ಕ. “ಮಷಿನ್ನಿಗೆ ಅಷ್ಟು ಕಾಳಜಿ ಐತಲ್ಲ ಮತ್ತ.”

“ಅದನ್ನ ತೆಗೀರಿ ಕಾಕಾ. ಇಲ್ಲಂದ್ರ ಶಾಟ್ ಆಗಂಗಿಲ್ಲ.”

“ಇಲ್ಲೂ ಗೇಟಿನ್ಯಾಗ ಕಿವಿ ಇಡ್ತಾರಂತ ಸುದ್ದಿ ಐತಿ. ಅದಕ್ಕ ಹಾಕ್ಕೊಂಡೀನಿ.”

“ಇವತ್ತಂತೂ ಇಟ್ಟಿಲ್ಲ. ನಂದು ಯಾರಿಗೂ ಸುದ್ದಿ ಕಳ್ಸಂಗಿಲ್ಲ. ಅದರ ತಂತಿ ಆಸ್ಪತ್ರ್ಯಾಗ ಕಿತ್ತು ಕೊಟ್ಟಾರ.”

ಊಟ ಮುಗಿಸಿ ಅವನು ಚಪ್ಪರದ ಹಿಂದೆ ಹೋಗಿ ಬನಿಯನ್ ಬಿಚ್ಚಿ ಬಂದ. ಬೆವರಿನಿಂದ ಅದು ಎರಡು ಪಟ್ಟು ಭಾರವಾಗಿತ್ತು. ಹುಲಿಗೆಮ್ಮ ಯಂತ್ರವನ್ನು ಅವನ ಎದುರಿಗೆ ನಿಲ್ಲಿಸಿ ತಾನು ಅದರ ಬೆನ್ನಿಗೆ ಹೋದಳು. ಪರದೆಯ ಮೇಲೆ ಗೆರೆ ಓಡಿತು. ಓಡಿ, ತಡವರಿಸಿ, ಮತ್ತೆ ಓಡಿತು. ಇಂಥ ಗೆರೆಗಳನ್ನು ಅವಳು ವಾರ್ಡಿನಲ್ಲಿ ಬಹಳ ನೋಡಿದ್ದಳು. ಪಕ್ಕದಲ್ಲಿ ಕೆಂಪು ದೀಪ ಹತ್ತಿತು. ಯಂತ್ರ ಸದ್ದಿಲ್ಲದೆ ಬಗ್ಗಿತು.

“ಏನಂತೈತಿ?” ಜಂಬಣ್ಣ ಕೇಳಿದ.

ಅವಳು ಪರದೆಯನ್ನೇ ನೋಡುತ್ತಿದ್ದಳು. ಸೆಟ್ಟಿಗೆ ಬರುವಾಗ ಅವಳು ಸಹಿ ಹಾಕಿದ್ದ ಶರತ್ತಿನಲ್ಲಿ ಇದೂ ಇತ್ತು. ಸಂಪರ್ಕ ತೆಗೆದಿದ್ದರೂ, ಯಾರಿಗಾದರೂ ಕೆಂಪು ಕಂಡರೆ ಆಪರೇಟರ್ ತಿಳಿಸಬೇಕು.

“ನೀ ಸುಮ್ನಿದ್ದೀ ಅಂದ್ರ ನಂಗ ತಿಳೀತು,” ಎಂದ ಜಂಬಣ್ಣ. ಅವನ ದನಿಯಲ್ಲಿ ಗಾಬರಿಗಿಂತ ಸುಸ್ತೇ ಹೆಚ್ಚಿತ್ತು. “ಹೇಳಬ್ಯಾಡ ಯವ್ವಾ. ಗಣಿ ಹೋತು, ಲಾರಿ ಹೋತು. ಇದೊಂದು ಉಳದೈತಿ, ಸುಮ್ನ ಕುಂದ್ರೋ ಕೆಲಸ. ಇಲ್ಲಿಂದಾನೂ ಓಡ್ಸಿದ್ರ ನಾ ಮನ್ಯಾಗ ಕುಂತು ಗ್ವಾಡಿ ನೋಡ್ಬೇಕು.”

“ಎದಿ ನೋವು ಬರ್ತೈತೇನು?”

“ದಿಬ್ಬ ಹತ್ತುವಾಗ. ವಯಸ್ಸಾತಲ್ಲ.”

“ಆಸ್ಪತ್ರಿಗೆ ಹೋಗ್ರಿ ಕಾಕಾ.”

“ಆಸ್ಪತ್ರ್ಯಾಗ ಮೊದಲು ಬರೆಯೋದ ಹೆಸರು.”

ದೂರದಲ್ಲಿ ಸಹಾಯಕ ನಿರ್ದೇಶಕಿ ಇಂಚರ ಮೈಕಿನಲ್ಲಿ ಎಲ್ಲರನ್ನೂ ಕರೆಯುತ್ತಿದ್ದಳು. ಹುಲಿಗೆಮ್ಮ ಪರದೆಯ ಪಕ್ಕದ ಗುಂಡಿ ಒತ್ತಿ ಯಂತ್ರದ ಕಿವಿಯನ್ನೇ ಮುಚ್ಚಿದಳು. ಮಧ್ಯಾಹ್ನವೆಲ್ಲ ಅದು ಹೇಳಿದಂತೆ ಎಡದಿಂದ ಬಲಕ್ಕೆ ನಡೆಯಿತು. ಎಲ್ಲಿಯೂ ನಿಲ್ಲಲಿಲ್ಲ. ನಿರಂತ್ ಟೆಂಟಿನಿಂದ ಹೆಬ್ಬೆರಳು ಎತ್ತಿ ತೋರಿಸಿದ. ಮೂಲೆಯ ಮೇಜಿನಲ್ಲಿ ಜಂಬಣ್ಣ ಖಾಲಿ ಲೋಟದಿಂದ ಮಂಗಳ ಗ್ರಹದ ಚಹಾ ಕುಡಿಯುತ್ತಿದ್ದ.

ಹುಲಿಗೆಮ್ಮನ ಮನೆ ಹೊಸಪೇಟೆಯ ಹೊರಗಿನ ಕಾಲೊನಿಯಲ್ಲಿ. ಆ ಕಾಲೊನಿಯಲ್ಲಿ ಹಗಲು ಹೊತ್ತಿನಲ್ಲಿಯೂ ಗಂಡಸರು ಕಟ್ಟೆಗಳ ಮೇಲೆ ಕೂತಿರುತ್ತಿದ್ದರು. ಮೊದಲು ಜಗಳ, ಇಸ್ಪೀಟು ಎಲ್ಲ ಇದ್ದವು. ವರ್ಷಗಳಾದ ಮೇಲೆ ಅವೂ ನಿಂತಿದ್ದವು. ಅವಳ ಗಂಡ ಎರ್ರಿಸ್ವಾಮಿ ಅವರಲ್ಲಿ ಒಬ್ಬ. ಗಣಿಯಲ್ಲಿ ಡ್ರಿಲ್ ಹಿಡಿಯುತ್ತಿದ್ದವನು. ಒಂದು ಬೆಳಗ್ಗೆ ಗೇಟಿನಲ್ಲಿ ಕೆಂಪು ಬಿದ್ದು ವಾಪಸ್ ಬಂದಿದ್ದ. ಅಂದಿನಿಂದ ಅಡುಗೆ, ನೀರು, ಮನೆ ಎಲ್ಲ ಅವನದೇ. ಒಂದು ದಿನವೂ ಮಲಗಿದವನಲ್ಲ, ಕೆಮ್ಮಿದವನೂ ಅಲ್ಲ. ಯಂತ್ರವನ್ನು ಹುಲಿಗೆಮ್ಮ ಮನೆಗೆ ತಂದ ದಿನ ಮಾತ್ರ ದನಿ ಏರಿಸಿದ್ದ. “ಅದು ನನ್ನ ಕಡಿ ತಿರುಗಬಾರ್ದು. ಹಿತ್ತಲದಾಗ ಇಡು.”

ಆ ಸಂಜೆ ಅವನು ರೊಟ್ಟಿ ತಟ್ಟುತ್ತಿದ್ದ. ಹುಲಿಗೆಮ್ಮ ಮಣೆಯ ಮೇಲೆ ಕೂತು ಕಾಲಿಗೆ ಹತ್ತಿದ ಕೆಂಪು ಧೂಳನ್ನು ಉಜ್ಜುತ್ತಾ ನಡೆದದ್ದನ್ನೆಲ್ಲ ಹೇಳಿದಳು.

“ಏನ್ ಮಾಡ್ಲಿ ಹೇಳ್ರಿ. ಹೇಳಿದ್ರ ಅವನ ಹೊಟ್ಟಿ ಮ್ಯಾಲೆ ಹೊಡದಂಗ. ಹೇಳ್ಲಿಲ್ಲಂದ್ರ ಅವನು ಅಲ್ಲೇ ಎಲ್ಲ್ಯಾರ ಬಿದ್ದಾನು.”

ಎರ್ರಿಸ್ವಾಮಿ ರೊಟ್ಟಿಯನ್ನು ಹೆಂಚಿಗೆ ಹಾಕಿದ. ಅವನು ಯಂತ್ರವನ್ನು ಬೈಯುತ್ತಾನೆ, ಸುಮ್ಮನಿದ್ದುಬಿಡು ಎನ್ನುತ್ತಾನೆ ಎಂದುಕೊಂಡಿದ್ದಳು ಅವಳು. ಅವನು ಇನ್ನೊಂದು ಹಿಟ್ಟಿನ ಉಂಡೆ ಕೈಗೆತ್ತಿಕೊಂಡ.

“ನೀ ಅವಂಗ ತೋರ್ಸಿದೇನು?” ಎಂದು ಕೇಳಿದ.

“ಏನು?”

“ಅವನ ಎದಿ. ಪರದಿ ಮ್ಯಾಲೆ ಬರ್ತೈತಲ್ಲ, ಅದನ್ನ.”

“ಇಲ್ಲ. ಪರದಿ ಹಿಂದ ಇರ್ತೈತಿ.”

“ಹಿಂದ ಇರ್ತೈತಿ,” ಎಂದ ಎರ್ರಿಸ್ವಾಮಿ. ರೊಟ್ಟಿ ತಿರುವಿ ಹಾಕಿದ. “ಗೇಟಿನ್ಯಾಗೂ ಹಂಗ ಇತ್ತು. ವಾಚ್‌ಮನ್ ನೋಡಿದ, ಸೂಪರ್‌ವೈಸರ್ ನೋಡಿದ, ಅದ್ಯಾವುದೋ ಆಫೀಸಿನಾಗ ಯಾರೋ ನೋಡಿದ್ರು. ಎದಿ ನಂದು. ನಾನೊಬ್ಬನ ನೋಡ್ಲಿಲ್ಲ. ‘ಏನಾಗೈತ್ರಿ ನಂಗ’ ಅಂತ ಕೇಳಿದ್ರ ‘ನಡಿ ನಡಿ, ಸಾಲು ನಿಂತೈತಿ’ ಅಂದ್ರು.”

ಹುಲಿಗೆಮ್ಮ ಕಾಲು ಉಜ್ಜುವುದನ್ನು ಬಿಟ್ಟು ಅವನ ಕಡೆ ನೋಡಿದಳು. ಇಷ್ಟು ವರ್ಷಗಳಲ್ಲಿ ಅವನು ಆ ದಿನದ ಬಗ್ಗೆ ಇಷ್ಟೊಂದು ಮಾತಾಡಿರಲಿಲ್ಲ.

“ಕೇಳ್ಲಿ ಬಿಡು ಅದು. ಕೇಳಾಕ ಮಾಡ್ಯಾರ, ಕೇಳ್ತೈತಿ,” ಎಂದ. “ಯಾರಿಗೆ ಹೇಳ್ತೈತಿ ಅನ್ನೋದರಾಗ ಐತಿ ಎಲ್ಲ. ನಾಳೆ ಅವಂಗ ತೋರ್ಸು. ಆಮ್ಯಾಲೆ ಅವನಿಷ್ಟ.”

ಮರುದಿನ ಬೆಳಗ್ಗೆ ಸೆಟ್ಟಿನಲ್ಲಿ ದೀಪಗಳನ್ನು ಜೋಡಿಸುವ ಮೊದಲೇ ಹುಲಿಗೆಮ್ಮ ಜಂಬಣ್ಣನನ್ನು ತನ್ನ ಗಾಡಿಯ ನೆರಳಿಗೆ ಕರೆದಳು. ಅವನು ಇವತ್ತು ತಗಡಿನ ಬನಿಯನ್ ಹಾಕಿರಲಿಲ್ಲ. ಯಂತ್ರದ ಬೆನ್ನಿನಿಂದ ಪರದೆಯನ್ನು ಬಿಚ್ಚಿದಳು. ಅದಕ್ಕೆ ಉದ್ದ ತಂತಿ ಇತ್ತು, ಎಲ್ಲಿಗೆ ಬೇಕಾದರೂ ತಿರುಗಿಸಬಹುದಿತ್ತು. ಇಷ್ಟು ವರ್ಷ ಯಾರಿಗೂ ಅದು ಹೊಳೆದಿರಲಿಲ್ಲ, ಅವಳಿಗೂ. ಪರದೆಯನ್ನು ಅವನ ಕೈಗೇ ಕೊಟ್ಟಳು.

ಜಂಬಣ್ಣ ಅದನ್ನು ಎರಡೂ ಕೈಯಲ್ಲಿ, ಪ್ರಸಾದ ಹಿಡಿದಂತೆ ಹಿಡಿದುಕೊಂಡ.

“ಇದು ನಂದಾ?”

“ನಿಮ್ದ. ಉಸಿರು ಬಿಗಿ ಹಿಡದು ನೋಡ್ರಿ, ಇದು ಬದಲಾಗ್ತೈತಿ.”

ಅವನು ಉಸಿರು ಹಿಡಿದ. ಮೇಲಿನ ಉಸಿರಿನ ಗೆರೆ ಮಲಗಿತು. ಕೆಳಗಿನ ಎದೆಬಡಿತದ ಗೆರೆ ಮಾತ್ರ ಓಡುತ್ತಲೇ ಇತ್ತು.

“ಇಲ್ಲಿ ನೋಡ್ರಿ. ಹಿಂಗ ಸಮ ಓಡಬೇಕು. ಇಲ್ಲಿ ಎಡವತೈತಿ. ಇಲ್ಲಿ ಗುಡ್ಡ ಇರಬೇಕಿತ್ತು, ತಗ್ಗು ಬಿದ್ದೈತಿ. ರಕ್ತ ಸರಿಯಾಗಿ ಸಿಗ್ಲಿಲ್ಲಂದ್ರ ಹಿಂಗ ಆಗ್ತೈತಿ. ವಾರ್ಡಿನ್ಯಾಗ ಹಿಂಗ ಕಂಡ್ರ ನಾವು ಓಡಿ ಡಾಕ್ಟರ್‌ನ ಕರೀತಿದ್ವಿ. ನಾ ಡಾಕ್ಟರಲ್ಲ. ಆದ್ರ ಇದು ವಯಸ್ಸಿನ ನೋವಲ್ಲ ಕಾಕಾ.”

ಜಂಬಣ್ಣ ಬಹಳ ಹೊತ್ತು ನೋಡಿದ. ಅವನ ಮುಖದಲ್ಲಿ ಹೆದರಿಕೆ ಇತ್ತು, ಅದರ ಜೊತೆ ಇನ್ನೇನೋ ಇತ್ತು. ಮೊದಲ ಸಲ ಯಾರೋ ಅವನನ್ನು ಕೂರಿಸಿಕೊಂಡು ಅವನ ವಿಷಯವನ್ನೇ ಅವನಿಗೆ ಹೇಳಿದ್ದರು.

“ಪಾಪ, ಎಷ್ಟು ದುಡದೈತಿ,” ಎಂದ. ತನ್ನ ಎದೆಯ ಬಗ್ಗೆಯೇ ಹೇಳುತ್ತಿದ್ದ.

“ಈಗ ಹೋಗಾನ ನಡೀರಿ. ಗಾಡಿ ಐತಿ.”

“ಇವತ್ತೊಂದು ದಿನ. ನಿನ್ನೆ ನಾ ಕುಂತಿದ್ದ ಜಾಗದಾಗ ಇವತ್ತು ನಾನ ಕುಂದ್ರಬೇಕು, ಇಲ್ಲಂದ್ರ ಇಡೀ ಸೀನು ಹಾಳಾಗ್ತೈತಿ ಅಂತ ಆ ಹುಡುಗಿ ಹೇಳ್ಯಾಳ. ಮುಗಿಸಿ ಬರ್ತೀನಿ, ನಿನ್ನಾಣೆ.”

ಅವಳು ಒತ್ತಾಯಿಸಿದಳು. ಅವನು ಒಪ್ಪಲಿಲ್ಲ. ಜಗಳ ಆಡುವ ಶಕ್ತಿ ಇಬ್ಬರಿಗೂ ಇರಲಿಲ್ಲ. ಕೊನೆಗೆ ಹುಲಿಗೆಮ್ಮ ಒಂದು ಉಪಾಯ ಮಾಡಿದಳು. ಯಂತ್ರದ ಕಿವಿ ತೆರೆದಳು, ಆದರೆ ಕೆಂಪು ಕಂಡಾಗ ನಿಂತು ಬಾಗುವ ಆಜ್ಞೆಯನ್ನು ತೆಗೆದಳು. ಪರದೆಯನ್ನು ಟ್ರೇಯ ಮೇಲೆ, ಲೋಟಗಳ ನಡುವೆ ಮಲಗಿಸಿ ಅಂಟಿಸಿದಳು. ತಂತಿಯನ್ನು ತೋಳಿನ ಹಿಂದೆ ಮರೆಮಾಡಿದಳು. ಹಿಂದೆ ಮಸುಕಾಗಿ ನಡೆಯುವ ರೋಬೋದ ಟ್ರೇಯಲ್ಲಿ ಏನಿದೆ ಎಂದು ಯಾವ ಕ್ಯಾಮೆರಾಕ್ಕೂ ಕಾಣುವುದಿಲ್ಲ.

“ನಿಮ್ಮ ಪಕ್ಕ ಹಾಯುವಾಗ ಒಂದ್ಸಲ ಟ್ರೇ ನೋಡ್ರಿ. ಕೆಂಪು ಬಣ್ಣ ನೋಡಬ್ಯಾಡ್ರಿ, ಅದು ಇದ್ದ ಇರ್ತೈತಿ. ಗೆರಿ ನೋಡ್ರಿ. ಬೆಳಗ್ಗೆ ನೋಡಿದ್ದಕ್ಕಿಂತ ಕೆಟ್ಟು ಕಂಡ್ರ ಎದ್ದು ಬಿಡ್ರಿ. ಯಾರನ್ನೂ ಕೇಳಬ್ಯಾಡ್ರಿ.”

ಶೂಟಿಂಗ್ ಶುರುವಾಯಿತು. ಗುಂಡಿಯೊಳಗೆ ಗಾಳಿ ಇರಲಿಲ್ಲ. ನಾಯಕಿ ಅಳುವ ದೃಶ್ಯ. ಕಣ್ಣೀರು ಒಮ್ಮೆ ಬೇಗ ಬಂತು, ಒಮ್ಮೆ ಬರಲೇ ಇಲ್ಲ. ಪ್ರತಿ ಸಲವೂ ರೋಬೋ ಟ್ರೇ ಹಿಡಿದು ಎಡದಿಂದ ಬಲಕ್ಕೆ ಹೋಗುತ್ತಿತ್ತು, ಮತ್ತೆ ಎಡಕ್ಕೆ ಬಂದು ನಿಲ್ಲುತ್ತಿತ್ತು. ಹುಲಿಗೆಮ್ಮ ಟೆಂಟಿನ ಪಕ್ಕ, ಬಿಸಿಲಲ್ಲೇ ನಿಂತಿದ್ದಳು. ಪರದೆ ಈಗ ಅವಳಿಗೆ ಕಾಣುತ್ತಿರಲಿಲ್ಲ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವಳು ಯಂತ್ರವನ್ನು ಬಿಟ್ಟು ಮನುಷ್ಯನ ಮುಖವನ್ನೇ ನೋಡುತ್ತಾ ನಿಂತಿದ್ದಳು.

ಮಧ್ಯಾಹ್ನದ ಹೊತ್ತಿಗೆ ನಾಯಕಿಯ ಅಳು ಸರಿಯಾಗಿ ಕೂತಿತು. ಎಲ್ಲರಿಗೂ ಗೊತ್ತಾಯಿತು, ಇದೇ ಆ ಶಾಟ್. ಟೆಂಟಿನೊಳಗೆ ನಿರಂತ್ ಕುರ್ಚಿಯ ತುದಿಗೆ ಬಂದ. ರೋಬೋ ಹೊರಟಿತು. ಮೂಲೆಯ ಮೇಜಿನ ಹತ್ತಿರ ಬಂತು. ಜಂಬಣ್ಣ ಟ್ರೇಯ ಕಡೆ ಕಣ್ಣು ಹಾಯಿಸಿದ. ರೋಬೋ ನಿಲ್ಲದೆ ಮುಂದೆ ಹೋಯಿತು.

ಜಂಬಣ್ಣ ಲೋಟ ಕೆಳಗಿಟ್ಟ. ಮೇಜಿಗೆ ಕೈಯೂರಿ ಎದ್ದು ನಿಂತ.

ನಾಯಕಿಯ ಭುಜದ ಹಿಂದೆ, ಚೌಕಟ್ಟಿನ ನಟ್ಟನಡುವೆ, ಬೂದು ಅಂಗಿಯ ಒಬ್ಬ ಮುದುಕ ಬೆಟ್ಟದಂತೆ ಎದ್ದು ನಿಂತಿದ್ದ.

“ಕಟ್! ಕಟ್!” ನಿರಂತ್ ಹೊರಗೆ ಓಡಿ ಬಂದ. “ಯಾರ್ರೀ ಅದು? ಯಾರು ಎದ್ದಿದ್ದು? ಬುದ್ಧಿ ಇದೆಯೇನ್ರೀ?”

“ಸರ,” ಎಂದ ಜಂಬಣ್ಣ. ಕ್ಯಾಮೆರಾಗಳ ಎದುರು ಅವನು ಬಾಯಿ ಬಿಟ್ಟದ್ದು ಅದೇ ಮೊದಲು. ದನಿ ಗಟ್ಟಿಯಾಗಿಯೇ ಬಂತು. “ನನ್ನ ಎದಿ ಸರಿ ಇಲ್ರಿ. ನಾ ಆಸ್ಪತ್ರಿಗೆ ಹೋಗ್ತೀನಿ.”

ಗುಂಡಿಯಲ್ಲಿ ಇದ್ದವರೆಲ್ಲ ಅವನ ಕಡೆ ತಿರುಗಿದರು. ಹಿಂದೆ ಕೂತಿದ್ದವರಿಗೆ ಆ ಮಾತಿನ ಬೆಲೆ ಗೊತ್ತಿತ್ತು. ಎಷ್ಟೋ ವರ್ಷಗಳಿಂದ ಯಾರೂ ಅದನ್ನು ಹತ್ತು ಜನರ ಮುಂದೆ, ಬಾಯಿಬಿಟ್ಟು ಹೇಳಿರಲಿಲ್ಲ. ಅವನ ಪಕ್ಕ ಕೂತಿದ್ದ ಹೆಂಗಸೊಬ್ಬಳು ‘ಅಯ್ಯೋ’ ಎಂದು ಬಾಯಿ ಮುಚ್ಚಿಕೊಂಡಳು. ಜಂಬಣ್ಣನ ಹಣೆಯ ತುಂಬ ಬೆವರು. ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದ. ಹುಲಿಗೆಮ್ಮ ಅಷ್ಟರಲ್ಲಿ ಓಡಿ ಅವನ ಕಂಕುಳಿಗೆ ಕೈ ಕೊಟ್ಟಿದ್ದಳು.

ನಿರಂತ್ ಆಕಾಶ ನೋಡಿದ, ಜಾರುತ್ತಿದ್ದ ಬಿಸಿಲು ನೋಡಿದ, ಮುದುಕನನ್ನು ನೋಡಿದ. ಅವನ ಸಿಟ್ಟು ಎಲ್ಲಿ ಹೋಯಿತೋ, ಮುಖದಲ್ಲಿ ಬರೀ ಆಯಾಸ ಉಳಿಯಿತು.

“ನನ್ನ ಕಾರ್ ತಗೊಂಡು ಹೋಗಿ,” ಎಂದ. “ಅದು ಜೋರಾಗಿ ಹೋಗುತ್ತೆ.”

ಹೊಸಪೇಟೆಯ ಆಸ್ಪತ್ರೆಯ ಬಾಗಿಲಲ್ಲೇ ಚಾವಣಿಯ ಕಿವಿ ಜಂಬಣ್ಣನನ್ನು ಗುರುತಿಸಿ ಕೆಂಪು ಹತ್ತಿಸಿತು. ಅವನ ಹೆಸರು ಎಲ್ಲ ಕಡೆ ಹೋಯಿತು. ಆದರೆ ಅವನು ಒಳಗೂ ಹೋದ. ಹೃದಯದ ಮುಖ್ಯ ರಕ್ತನಾಳ ಪೂರ್ತಿ ಕಟ್ಟುವುದರಲ್ಲಿತ್ತು. ಅದರೊಳಗೆ ಸ್ಟೆಂಟ್ ಕೂರಿಸಿದರು. “ಇನ್ನೊಂದು ಸಲ ಆ ದಿಬ್ಬ ಹತ್ತಿದ್ದರೆ ಅಲ್ಲೇ ಮುಗಿದುಹೋಗುತ್ತಿತ್ತು,” ಎಂದರು ಡಾಕ್ಟರು ಜಂಬಣ್ಣನ ಹೆಂಡತಿಗೆ. ಆಕೆ ಕೈ ಮುಗಿದಳು, ಆಮೇಲೆ ಗೋಡೆಗೆ ಒರಗಿ ಕೂತಲ್ಲೇ ನಿದ್ದೆ ಹೋದಳು.

ಹುಲಿಗೆಮ್ಮ ಡಾಕ್ಟರನ್ನು ಮೊದಲಿನಿಂದ ಬಲ್ಲವಳು. ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದಳು. “ಸರ, ಗೇಟಿನ್ಯಾಗ ಕೆಂಪು ಬಿದ್ದವರೆಲ್ಲ ಹಿಂಗ ಇರ್ತಾರೇನ್ರಿ?”

“ಎಲ್ಲಿಂದ ಬಂತು,” ಎಂದರು ಅವರು. ರಾತ್ರಿ ಪಾಳಿ ಮುಗಿದು ಮನೆಗೆ ಹೋಗಿರದ ಮುಖ. “ಇವರಂಥವರು ಕೆಲವರು. ಬೇಕಾದಷ್ಟು ಜನರಿಗೆ ಆಗಾಗ ಒಂದು ಬಡಿತ ಮುಂಚೆ ಬರುತ್ತೆ. ನನಗೂ ಬರುತ್ತೆ. ಒಂದ್ಸಲ ಪರೀಕ್ಷೆ ಮಾಡಿಸಿ, ಬೇರೇನೂ ಇಲ್ಲ ಅಂದ್ರೆ ಮರೆತುಬಿಡೋದು. ಆದರೆ ಗೇಟಿನ ಯಂತ್ರಕ್ಕೆ ಅಷ್ಟೆಲ್ಲ ಬೇಡ. ಸ್ವಲ್ಪ ಅನುಮಾನ ಬಂದ್ರೂ ಕೆಂಪು. ಅವರಿಗೆ ಅದೇ ಸುಲಭ.”

ಮೂರನೆಯ ದಿನ ಇಂಚರ ಫೋನ್ ಮಾಡಿದಳು. ದನಿಯಲ್ಲಿ ಸಂಕೋಚವಿತ್ತು. ಸೆಟ್ಟಿನಲ್ಲೇ ಉಳಿದಿದ್ದ ಯಂತ್ರದ ದಾಖಲೆ ನೋಡಿ, ಕೆಂಪು ಕಂಡದ್ದನ್ನು ಮೊದಲ ದಿನವೇ ತಿಳಿಸಲಿಲ್ಲ ಎಂದು ಹುಲಿಗೆಮ್ಮನ ಮೇಲೆ ದೂರು ಹೋಗಿತ್ತು, ಆಪರೇಟರ್ ಪರವಾನಗಿ ರದ್ದಾಗಿತ್ತು. “ನಿರಂತ್ ಸರ್ ಬೇಡ ಅಂದ್ರು ಆಂಟಿ, ಪ್ರೊಡಕ್ಷನ್ನವರು ಕೇಳಲಿಲ್ಲ,” ಎಂದಳು. ಹುಲಿಗೆಮ್ಮ “ಇರ್ಲಿ ಬಿಡವ್ವ” ಎಂದಳು. ಹೋಗಿ ಯಂತ್ರವನ್ನು ತಂದಳು. ಪ್ಲಾಸ್ಟಿಕ್ ತಲೆಯನ್ನು ಸಿನಿಮಾದವರು ಕಿತ್ತಿಟ್ಟುಕೊಂಡಿದ್ದರು. ತುಕ್ಕಿನ ಬಣ್ಣ ಹಾಗೇ ಇತ್ತು.

ಸಿನಿಮಾ ಮುಂದಿನ ವರ್ಷ ಬಂತು. ಜಂಬಣ್ಣ ಹೆಂಡತಿಯನ್ನು ಕರೆದುಕೊಂಡು ಹೋಗಿ ನೋಡಿ ಬಂದ. ಕ್ಯಾಂಟೀನಿನ ದೃಶ್ಯವನ್ನೇ ತೆಗೆದುಹಾಕಿದ್ದರು. ಕಥೆ ಬಹಳ ಉದ್ದವಾಯಿತು ಎಂದರಂತೆ.

ಅಷ್ಟರಲ್ಲಿ ಬೇರೊಂದು ಶುರುವಾಗಿತ್ತು. ಶುರು ಮಾಡಿದವನೂ ಅವನೇ. ಆಸ್ಪತ್ರೆಯಿಂದ ಬಂದ ಮೇಲೆ ಒಂದು ದಿನ ತನ್ನ ಹಳೆಯ ಜೊತೆಗಾರನೊಬ್ಬನನ್ನು ಕರೆದುಕೊಂಡು ಹುಲಿಗೆಮ್ಮನ ಮನೆಗೆ ಬಂದ. “ಇವಂಗೂ ಇವನ ಎದಿ ಒಂದೀಟು ತೋರ್ಸು ಯವ್ವಾ. ಯಾರಿಗೂ ಹೇಳಬ್ಯಾಡ. ಇವಂಗ ಮಾತ್ರ ತೋರ್ಸು.” ಆಮೇಲೆ ಇನ್ನೊಬ್ಬರು ಬಂದರು. ಆಮೇಲೆ ಸಾಲು. ಬೆಳಗ್ಗೆ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಕೆಲಸ ಹಿಡಿದಿದ್ದ ಹುಲಿಗೆಮ್ಮ, ಸಂಜೆ ಮನೆಗೆ ಬರುವಷ್ಟರಲ್ಲಿ ಕಟ್ಟೆಯ ಮೇಲೆ ಜನ ಕೂತಿರುತ್ತಿದ್ದರು. ಅವಳು ಕೈ ತೊಳೆದು, ಯಂತ್ರವನ್ನು ಹಿತ್ತಲಿನಿಂದ ಪಡಸಾಲೆಗೆ ತಂದು, ಪರದೆಯನ್ನು ಬಂದವರ ಕೈಗೆ ಕೊಡುತ್ತಿದ್ದಳು. ಕೆಲವರಿಗೆ “ನಾಳೆ ಅಲ್ಲ, ಇವತ್ತ ಹೋಗ್ರಿ” ಎನ್ನುತ್ತಿದ್ದಳು. ಹೋದವರು ಉಳಿದರು, ಹೋಗದ ಒಬ್ಬ ಸತ್ತ. ಬಹಳ ಮಂದಿಗೆ “ಒಂದ್ಸಲ ಡಾಕ್ಟರಿಗೆ ತೋರ್ಸ್ರಿ, ನಂಗೇನೂ ದೊಡ್ಡದು ಕಾಣ್ವಲ್ದು” ಎನ್ನುತ್ತಿದ್ದಳು. ಯಾರಿಗೂ ಇದರಿಂದ ಕೆಲಸ ವಾಪಸ್ ಸಿಗಲಿಲ್ಲ. ಗೇಟುಗಳಲ್ಲಿ ಕಿವಿಗಳು ಇದ್ದಂತೆಯೇ ಇದ್ದವು. ಕೇಳಿಕೊಂಡು ಅಧಿಕಾರಿಗಳು ಬಂದಾರು, ಯಂತ್ರವನ್ನು ಎತ್ತಿಕೊಂಡು ಹೋದಾರು ಎಂಬ ಅಳುಕು ಅವಳಿಗೆ ದಿನವೂ ಇತ್ತು. ಆದರೂ ಸಂಜೆ ಕಟ್ಟೆಯ ಮೇಲೆ ಕೂತವರನ್ನು ಎದ್ದು ಹೋಗಿ ಎನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ.

ಎರ್ರಿಸ್ವಾಮಿ ಬಂದವರಿಗೆಲ್ಲ ಚಹಾ ಕೊಡುತ್ತಿದ್ದ. ಯಂತ್ರದ ಎದುರು ಹಾಯಬೇಕಾದಾಗ ಗೋಡೆಗುಂಟ ಸುತ್ತು ಹಾಕಿ ಹೋಗುತ್ತಿದ್ದ.

ಒಂದು ಸಂಜೆ ಜನ ಕಡಿಮೆ ಇದ್ದರು. ಕೊನೆಯವನೂ ಎದ್ದು ಹೋದ ಮೇಲೆ ಹುಲಿಗೆಮ್ಮ ಯಂತ್ರವನ್ನು ಆರಿಸಲು ಬಗ್ಗಿದಳು. ಸೊಂಟ ಹಿಡಿದುಕೊಂಡಿತ್ತು. ತಲೆಯೆತ್ತಿ ನೋಡಿದರೆ ಎರ್ರಿಸ್ವಾಮಿ ಸ್ಟೂಲಿನ ಮೇಲೆ ಕೂತಿದ್ದ. ಹೆಗಲ ಮೇಲೆ ಒರೆಸುವ ಬಟ್ಟೆ, ಕೈಯಲ್ಲಿ ಇನ್ನೂ ಚಹಾದ ಲೋಟಗಳು.

“ನಂಗೂ ತೋರ್ಸು,” ಎಂದ.

ಅವಳು ಅವನ ಕೈಯಿಂದ ಲೋಟ ಇಸಿದುಕೊಂಡು ಪರದೆ ಕೊಟ್ಟಳು. ಗೆರೆ ಓಡತೊಡಗಿತು. ಗುಡ್ಡ, ತಗ್ಗು, ಗುಡ್ಡ, ತಗ್ಗು, ಯಾರೋ ಶಾಂತವಾಗಿ ದಾರಿ ನಡೆದಂತೆ ಸಮವಾಗಿ ಓಡಿತು. ಅವನು ಕಣ್ಣು ಕೀಲಿಸಿ ನೋಡುತ್ತಿದ್ದ. ಬಹಳ ಹೊತ್ತಾದ ಮೇಲೆ ಒಂದು ಗುಡ್ಡ ಸ್ವಲ್ಪ ಮುಂಚೆ ಬಂತು. ಅದರ ಹಿಂದೆ ಒಂದು ಚಿಕ್ಕ ಬಿಡುವು. ಮತ್ತೆ ಮೊದಲಿನಂತೆಯೇ ಓಡಿತು. ಕೆಂಪು ದೀಪ ಹತ್ತಿ ಆರಿತು.

“ಅದಾ?” ಎರ್ರಿಸ್ವಾಮಿ ಕೇಳಿದ.

“ಅದ.”

“ಇಷ್ಟನಾ?”

“ಡಾಕ್ಟರಿಗೆ ಒಂದ್ಸಲ ತೋರ್ಸಾನ. ಆದ್ರ ನಂಗ ಕಾಣೋದು ಇಷ್ಟ.”

ಅವನು ಸಿಟ್ಟಾಗುತ್ತಾನೆ, ಪರದೆಯನ್ನು ಎಸೆಯುತ್ತಾನೆ ಎಂದು ಅವಳು ಕಾದಳು. ಅವನು ಎಸೆಯಲಿಲ್ಲ. ಎಡಗೈಯನ್ನು ಎದೆಯ ಮೇಲೆ ಇಟ್ಟುಕೊಂಡ. ಡ್ರಿಲ್ ಹಿಡಿದು ದಪ್ಪಗಾಗಿದ್ದ ಆ ಬೆರಳುಗಳು ಈಗ ಹಿಟ್ಟು ನಾದಿ ಮೆತ್ತಗಾಗಿದ್ದವು. ಒಲೆಯ ಮೇಲೆ ಬೇಳೆ ಉಕ್ಕಿ ಚರ್ ಎಂದಿತು. ಅವನು ಏಳಲಿಲ್ಲ. ಹುಲಿಗೆಮ್ಮನೇ ಹೋಗಿ ಉರಿ ತಗ್ಗಿಸಿ ಬಂದು ಅವನ ಪಕ್ಕ ನೆಲದ ಮೇಲೆ ಕೂತಳು.

“ಇನ್ನೊಂದು ಬರ್ಲಿ, ತಡಿ,” ಎಂದ ಎರ್ರಿಸ್ವಾಮಿ.

ಇಬ್ಬರೂ ಪರದೆ ನೋಡುತ್ತಾ ಕೂತರು. ಗೆರೆ ಸಮವಾಗಿ ಓಡುತ್ತಿತ್ತು. ಬಹಳ ಹೊತ್ತಿನವರೆಗೆ ಅದು ಬರಲೇ ಇಲ್ಲ.